ಮೂಲೆಯ ಲಿನಕ್ಸ್ ಯಂತ್ರದ ಮೇಲ್ ಯಾರ ಕೈಯಲ್ಲಿ ಕಳಿಸೋಣ?

ನಿಮ್ಮ ಕೆಲಸದ ಬಗ್ಗೆ ಏನಾದರೂ ಹೇಳಿ ಎಂದು ಸಂಘದವರು ಕೇಳಿದರು. ನಾನು ದಮ್ಮಾಮ್ ಕಡೆಯ ಸಣ್ಣ ಕಂಪನಿಗಳ ಕಂಪ್ಯೂಟರ್ ನೋಡಿಕೊಳ್ಳುವವನು. ಕೃತಕ ಬುದ್ಧಿಮತ್ತೆಯಂಥ ದೊಡ್ಡ ವಿಷಯ ಬೇರೆಯವರಿಗಿರಲಿ. ಮೂಲೆಯಲ್ಲಿ ಧೂಳು ಹಿಡಿದು ಕುಳಿತ ಲಿನಕ್ಸ್ ಯಂತ್ರ ಒಂದು ಮೇಲ್ ಕಳಿಸುವುದು ಹೇಗೆ ಎಂಬುದಷ್ಟೇ ನನ್ನ ಮಾತು.

ಇಷ್ಟಕ್ಕೊಂದು ಭಾಷಣವೇ ಎನ್ನಬೇಡಿ. ಬ್ಯಾಕಪ್ ನಿಂತರೆ, ಡಿಸ್ಕ್ ತುಂಬಿದರೆ, ಕೋಲ್ಡ್ ಸ್ಟೋರೇಜಿನ ಉಷ್ಣಾಂಶ ಏರಿದರೆ ಆ ಯಂತ್ರ ನಮಗೆ ಮೇಲ್ ಬರೆಯುತ್ತದೆ. ಆಗಸ್ಟಿನಲ್ಲಿ, ಹೊರಗೆ 45 ಡಿಗ್ರಿ ಇರುವ ಶುಕ್ರವಾರ, ಕಂಪ್ರೆಸರ್ ನಿಂತಿತು ಎನ್ನಿ. ಆ ಒಂದು ಸಾಲಿನ ಮೇಲ್ ಬಂದರೆ ಮಾಲು ಉಳಿಯಿತು. ಬರದಿದ್ದರೆ ಭಾನುವಾರ ಬಾಗಿಲು ತೆರೆದಾಗ ವಾಸನೆಯೇ ಸುದ್ದಿ ಹೇಳುತ್ತದೆ. ಆಮೇಲೆ ಅದು ಯಾರ ತಲೆಗೆ ಬರುತ್ತದೆಂದು ಇಲ್ಲಿ ಕುಳಿತವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗೇ ಬಿಟ್ಟರೆ ಯಂತ್ರ 25ನೇ ಪೋರ್ಟಿನಲ್ಲಿ ತಾನೇ ಹೊರಟು ಜೀಮೇಲ್ ಬಾಗಿಲು ತಟ್ಟಲು ನೋಡುತ್ತದೆ. ಸ್ಪ್ಯಾಮ್ ಕಾಟದಿಂದಾಗಿ ಜಗತ್ತಿನ ಅನೇಕ ಇಂಟರ್‌ನೆಟ್ ಕಂಪನಿಗಳು ಸಾಮಾನ್ಯ ಗ್ರಾಹಕರಿಗೆ ಆ ಪೋರ್ಟನ್ನೇ ಮುಚ್ಚಿವೆ. ತೆರೆದಿದ್ದರೂ, ಸಿಮ್ ಹಾಕಿದ ರೂಟರಿನ ಹಿಂದಿರುವ ಯಂತ್ರಕ್ಕೆ ಇವತ್ತೊಂದು ಐಪಿ, ನಾಳೆ ಮತ್ತೊಂದು. ಇಕಾಮಾ ಇಲ್ಲದವನನ್ನು ಚೆಕ್‌ಪಾಯಿಂಟಿನಲ್ಲಿ ತಡೆದಂತೆ ಆ ಕಡೆಯ ಸರ್ವರ್ ತಡೆಯುತ್ತದೆ.

ಇದಕ್ಕೆ ಪರಿಹಾರ ನಮ್ಮ ಹಳಬರಿಗೆ ಗೊತ್ತಿತ್ತು. ಫೋನು ದುಬಾರಿಯಾಗಿದ್ದ ಕಾಲದಲ್ಲಿ ರಜೆಗೆ ಹೊರಟವರ ಪೆಟ್ಟಿಗೆಯಲ್ಲಿ ರೂಮಿನವರೆಲ್ಲರ ಕಾಗದಗಳ ಕಟ್ಟು ಇರುತ್ತಿತ್ತು. ಮುಂಬಯಿಯಲ್ಲೋ ಮಂಗಳೂರಿನಲ್ಲೋ ಇಳಿದು, ಅಲ್ಲಿಯ ಸ್ಟ್ಯಾಂಪ್ ಹಚ್ಚಿ, ಅಂಚೆ ಡಬ್ಬಿಗೆ ಹಾಕುತ್ತಿದ್ದರು. ಕಾಗದ ನಮ್ಮದೇ, ಡಬ್ಬಿಗೆ ಹಾಕುವ ಕೈ ಮಾತ್ರ ಬೇರೆ. ಮೇಲ್ ರಿಲೇ ಎಂದರೆ ಇಷ್ಟೇ. ಹೆಸರಿರುವ ಸರ್ವರೊಂದು ನಿಮ್ಮ ಯಂತ್ರಕ್ಕೆ ಕಫೀಲನಾಗಿ ನಿಲ್ಲುತ್ತದೆ.

ನಾನು ಬಳಸುವುದು ಪೋಸ್ಟ್‌ಫಿಕ್ಸ್. ಐಬಿಎಂನಲ್ಲಿದ್ದಾಗ ವೀಟ್ಸೆ ವೆನೆಮಾ ಬರೆದು 1998ರಲ್ಲಿ ಹೊರತಂದದ್ದು. ಡಚ್ಚರಾದ ಅವರೂ ನಮ್ಮಂತೆ ಊರು ಬಿಟ್ಟು ದುಡಿಯಲು ಹೋದವರೇ. ಅದರ ಮೇನ್ ಡಾಟ್ ಸಿಎಫ್ ಕಡತದಲ್ಲಿ ರಿಲೇಹೋಸ್ಟ್ ಎಂಬ ಸಾಲಿದೆ. ಅಲ್ಲಿ ಕಂಪನಿಯ ಮೇಲ್ ಸರ್ವರಿನ ಹೆಸರನ್ನು ಚೌಕ ಆವರಣದೊಳಗೆ ಬರೆದು, ಕೋಲನ್ ಹಾಕಿ, 587 ಎನ್ನಿ. ಆವರಣ ಮರೆತರೆ ಪೋಸ್ಟ್‌ಫಿಕ್ಸ್ ಡಿಎನ್‌ಎಸ್‌ನಲ್ಲಿ ಎಂಎಕ್ಸ್ ದಾಖಲೆ ಹುಡುಕಿ ಬೇರೆ ಬಾಗಿಲಿಗೆ ಹೋಗಬಹುದು. ಸ್ಯಾಸಲ್ ದೃಢೀಕರಣಕ್ಕೆ ಯೆಸ್, ಟಿಎಲ್‌ಎಸ್‌ಗೆ ಎನ್‌ಕ್ರಿಪ್ಟ್, ಸ್ಯಾಸಲ್ ಸುರಕ್ಷತಾ ಆಯ್ಕೆಯಲ್ಲಿ ನೋಅನಾನಿಮಸ್ ಮಾತ್ರ. ಪಾಸ್‌ವರ್ಡಿಗೆ ಬೇರೆ ಕಡತ, 600 ಅನುಮತಿ, ಆಮೇಲೆ ಪೋಸ್ಟ್‌ಮ್ಯಾಪ್. ಹೊರಗಿನವರ ಮೇಲನ್ನು ಹೊರದಂತೆ ಕಿವಿಯನ್ನು ಲೂಪ್‌ಬ್ಯಾಕಿಗಷ್ಟೇ ತೆರೆದಿಡಿ. ಅರ್ಧ ಗಂಟೆಯ ಕೆಲಸ.

ಕಷ್ಟ ಇರುವುದು ಇದರ ನಂತರ. ರಿಲೇ ಸಿಗದಿದ್ದರೆ ಪೋಸ್ಟ್‌ಫಿಕ್ಸ್ ಗಲಾಟೆ ಮಾಡುವುದಿಲ್ಲ. ಮೇಲನ್ನು ಸರತಿಯಲ್ಲಿಟ್ಟು ಮತ್ತೆ ಮತ್ತೆ ಯತ್ನಿಸುತ್ತದೆ. ನೀವು ಬದಲಿಸದಿದ್ದರೆ 5 ದಿನ. ಆಮೇಲೆ, ತಲುಪಲಿಲ್ಲ ಎಂದು ಕಳಿಸಿದವರಿಗೆ ಬರೆಯುತ್ತದೆ. ಕಳಿಸಿದವರು ಯಾರು? ಅದೇ ಯಂತ್ರದ ರೂಟ್. ಆ ಡಬ್ಬಿಯನ್ನು ಯಾರೂ ತೆರೆಯುವುದಿಲ್ಲ. ರೂಟ್‌ನ ಮೇಲನ್ನು ನಿಮ್ಮ ವಿಳಾಸಕ್ಕೆ ತಿರುಗಿಸಿದ್ದರೂ ಅದು ಮುಚ್ಚಿದ ಅದೇ ದಾರಿಯಲ್ಲಿ ಬರಬೇಕಲ್ಲ! ಹಾಗಾಗಿ ನಾನು ದಿನವೂ ಬೆಳಿಗ್ಗೆ 7ಕ್ಕೆ 'ಇತ್ತ ಕ್ಷೇಮ' ಎಂದು ಯಂತ್ರವೇ ಬರೆಯುವಂತೆ ಕ್ರಾನ್‌ನಲ್ಲಿ ಇಟ್ಟಿದ್ದೇನೆ. ಅದು ಬಾರದ ದಿನ ಗಾಡಿ ತೆಗೆಯುತ್ತೇನೆ.

ಇನ್ನೊಂದು ವಿಷಯ, ಇದು ಪುಸ್ತಕದಲ್ಲಿ ಸಿಗದು. ಆ ಪಾಸ್‌ವರ್ಡ್ ಯಾರದು? ನಾನು ಕಂಡ ಒಂದು ಕಚೇರಿಯಲ್ಲಿ ಎಲ್ಲ ಎಚ್ಚರಿಕೆಗಳೂ ಅಕೌಂಟೆಂಟರೊಬ್ಬರ ಸ್ವಂತ ಜೀಮೇಲ್ ಮೂಲಕ ಹೋಗುತ್ತಿದ್ದವು. ಅವರು ಫೈನಲ್ ಎಕ್ಸಿಟ್‌ನಲ್ಲಿ ಊರು ಸೇರಿ ವರ್ಷವಾಗಿತ್ತು. 2022ರ ಮೇ 30ರಿಂದ ಗೂಗಲ್ ಇಂಥ ಕೆಲಸಕ್ಕೆ ಮಾಮೂಲಿ ಪಾಸ್‌ವರ್ಡ್ ಒಪ್ಪುವುದನ್ನು ನಿಲ್ಲಿಸುತ್ತ ಬಂತು. ಎರಡು ಹಂತದ ಪರಿಶೀಲನೆ ಹಾಕಿ 16 ಅಕ್ಷರಗಳ ಆಪ್ ಪಾಸ್‌ವರ್ಡ್ ಪಡೆಯಬೇಕು. ಖಾತೆಯ ಪಾಸ್‌ವರ್ಡ್ ಬದಲಿಸಿದರೆ ಅದೂ ರದ್ದು. ಉಡುಪಿಯಲ್ಲಿ ಕುಳಿತು ಆ ಪುಣ್ಯಾತ್ಮರು ತಮ್ಮ ಪಾಸ್‌ವರ್ಡ್ ಬದಲಿಸಿದರು, ಇಲ್ಲಿ ಎಚ್ಚರಿಕೆಗಳು ನಿಂತವು. ಅವರದೇನು ತಪ್ಪು? ಅದು ಅವರದೇ ಖಾತೆ. ಅಲ್ಲಿಯವರೆಗೆ ಕಂಪನಿಯ ಒಳಮಾತೆಲ್ಲ ಅವರ ಕಳಿಸಿದ ಮೇಲ್‌ಗಳ ಡಬ್ಬಿಯಲ್ಲಿ ಬೀಳುತ್ತಿತ್ತು ಎಂಬುದು ಮಾಲೀಕರಿಗೂ ಹಿಡಿಸಲಿಲ್ಲ.

ಆದ್ದರಿಂದ ಮಾಲೀಕರು ಎಷ್ಟೇ ಒತ್ತಾಯಿಸಿದರೂ ನಿಮ್ಮ ಸ್ವಂತ ಖಾತೆ ಕೊಡಬೇಡಿ. ಕಂಪನಿಯ ಹೆಸರಿನಲ್ಲೇ ಒಂದು ಖಾತೆ ಮಾಡಿಸಿ, ಕಳಿಸುವ ಕೆಲಸಕ್ಕಷ್ಟೇ. ಮೇಲ್ ತಲುಪುವ ವಿಳಾಸಗಳು ಎರಡಿರಲಿ, ಅದರಲ್ಲೊಂದು ರಜೆಗೆ ಹೋಗದವರದು. ಛುಟ್ಟಿಗೆ ಹೊರಡುವಾಗ ರೂಮಿನ ಕೀಲಿಯ ಜೊತೆಗೇ ರಿಲೇ ಸರ್ವರಿನ ಹೆಸರು, ಪಾಸ್‌ವರ್ಡ್ ಕಡತ ಇರುವ ಜಾಗ, ಬೆಳಗಿನ ಕ್ಷೇಮದ ಮೇಲ್ ಬರುವ ಹೊತ್ತು ಬರೆದ ಚೀಟಿಯನ್ನೂ ಜೊತೆಗಾರರ ಕೈಗೆ ಕೊಡಿ. ಲ್ಯಾಪ್‌ಟಾಪ್ ತಂದಿದ್ದೇನೆ, ಮಾಡಿ ನೋಡಬೇಕೆನ್ನುವವರು ಊಟವಾದ ಮೇಲೆ ಬನ್ನಿ.