ಮೂಳೆ ಬರೆದಿಟ್ಟ ಲಾಗ್

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋನು. ಹಳೇ ಮೂಳೆಗಳಲ್ಲಿ ರೋಗದ ಗುರುತು ಓದುವ ಶಾಸ್ತ್ರ ನನ್ನ ಹವ್ಯಾಸ. ಖರಾಡಿ, ವಿಮಾನ್ ನಗರದ ಆಫೀಸುಗಳಿಗೆ ನಮ್ಮಲ್ಲಿ ಎಷ್ಟೋ ಜನ ಯೆರವಾಡ ದಾಟಿ ಹೋಗ್ತೀವಿ. ಅಲ್ಲೇ ಇದೆ ಡೆಕ್ಕನ್ ಕಾಲೇಜು. ಇವತ್ತಿನ ವಿಷಯದಲ್ಲಿ ಅಲ್ಲಿನ ವಿದ್ವಾಂಸರ ಪಾಲು ದೊಡ್ಡದು.

ರಾಜಸ್ಥಾನದ ಉದಯಪುರದ ಹತ್ತಿರ ಬಾಲಾಥಲ್ ಅಂತ ಒಂದು ಊರು. ಅಲ್ಲಿ ಅಗೆದಾಗ ಸುಮಾರು 4000 ವರ್ಷ ಹಿಂದಿನ ಒಬ್ಬ ನಡುವಯಸ್ಸಿನ ಗಂಡಸಿನ ಅಸ್ಥಿಪಂಜರ ಸಿಕ್ಕಿತು. ಕಲ್ಲಿನ ಆವರಣದೊಳಗೆ, ಸಗಣಿ ಸುಟ್ಟ ಬೂದಿಯಲ್ಲಿ ಅವನನ್ನ ಹೂತಿದ್ದರು. ಮೂಗಿನ ಸುತ್ತಲಿನ ಮೂಳೆ, ಮೇಲ್ದವಡೆಯ ಮುಂಭಾಗ ಸವೆದಿದ್ದವು. ಇದು ಕುಷ್ಠರೋಗ ಅಂತ 2009ರಲ್ಲಿ ಗ್ವೆನ್ ರಾಬಿನ್ಸ್, ವಿ. ಎನ್. ಮಿಶ್ರ ಮತ್ತಿತರರು ಪ್ರಕಟಿಸಿದರು.

ಪಾಪ, ಎಂಥ ರೋಗಿಷ್ಠ ಅನ್ಸುತ್ತೆ ಅಲ್ವಾ? ಸ್ವಲ್ಪ ತಡೀರಿ. ಕುಷ್ಠ ನಿಧಾನದ ರೋಗ. ಸೋಂಕು ತಗುಲಿ ಲಕ್ಷಣ ಕಾಣೋಕೇ ಎಷ್ಟೋ ಸಲ ವರ್ಷಗಳು ಬೇಕು, ಮೂಳೆ ಸವೆಯೋಕೆ ಇನ್ನೂ ಹೆಚ್ಚು. ಅಂದ್ರೆ ಈ ಮನುಷ್ಯ ರೋಗದ ಜೊತೆಗೇ ವರ್ಷಗಟ್ಟಲೆ ಬದುಕಿದ್ದ. ಅದೇ ಕಾಲರಾ ಕೆಲವೇ ದಿನಗಳಲ್ಲಿ ಕೊಲ್ಲಬಹುದು, ಮೂಳೆಯಲ್ಲಿ ಏನೂ ಉಳಿಯಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಸರ್ವರ್ ಒಮ್ಮೆಲೇ ಬಿದ್ದರೆ ಲಾಗ್ ಬರೆಯೋಕೂ ಸಮಯ ಇರಲ್ಲ.

ಹಲ್ಲೂ ಹಾಗೇ. ಚಿಕ್ಕ ವಯಸ್ಸಲ್ಲಿ ಜೋರು ಕಾಯಿಲೆಯೋ ಹಸಿವೋ ಬಂದರೆ ಎನಾಮಲ್ ಬೆಳೆಯೋದು ಕುಂಠಿತವಾಗುತ್ತೆ. ಮಗು ಚೇತರಿಸಿಕೊಂಡು, ಬೆಳವಣಿಗೆ ಮುಂದುವರಿದರೆ ಆ ಜಾಗ ಅಡ್ಡಗೆರೆಯಾಗಿ ಉಳಿಯುತ್ತೆ. ಅಷ್ಟರಲ್ಲೇ ತೀರಿಹೋದರೆ ಗೆರೆ ಮೂಡೋಕೆ ಅವಕಾಶವೇ ಇಲ್ಲ.

1992ರಲ್ಲಿ ಜೇಮ್ಸ್ ವುಡ್ ಮತ್ತು ಸಂಗಡಿಗರು ಇದಕ್ಕೆ ‘ಆಸ್ಟಿಯೊಲಾಜಿಕಲ್ ಪ್ಯಾರಡಾಕ್ಸ್’ ಅಂತ ಹೆಸರಿಟ್ಟರು. ಗುರುತಿಲ್ಲದ ಮೂಳೆ ಆರೋಗ್ಯವಂತರದ್ದೇ ಅಂತಲ್ಲ. ಗುರುತಿರೋದು ದುರ್ಬಲರದ್ದೇ ಅಂತಲೂ ಅಲ್ಲ. ಹಾಗಾಗಿ ಗೆರೆ ಎಣಿಸಿ, ಒಂದು ಊರೇ ರೋಗಗ್ರಸ್ತ ಅನ್ನೋ ಹಾಗಿಲ್ಲ. ಗೆರೆ ಇದ್ದವರು ಎಷ್ಟು ವಯಸ್ಸಿಗೆ ಸತ್ತರು, ಇಲ್ಲದವರು ಎಷ್ಟಕ್ಕೆ ಅಂತ ಎರಡನ್ನೂ ಹೋಲಿಸಬೇಕು.

ಕುಷ್ಠಕ್ಕೆ ಇವತ್ತು ಔಷಧಿ ಇದೆ, ಗುಣವಾಗುತ್ತೆ. ಆದರೂ ಮುಖದಲ್ಲೋ ಕೈಯಲ್ಲೋ ಗುರುತು ಕಂಡ್ರೆ ಜನ ದೂರ ಸರಿಯೋದು ನಿಂತಿಲ್ಲ. ಮುಂದಿನ ಸಲ ಅಂಥವರು ಎದುರಾದಾಗ, ರೋಗಕ್ಕಿಂತ ಮೊದಲು ಅವರು ತಡ್ಕೊಂಡು ಬದುಕಿರೋದು ನಮ್ಮ ಕಣ್ಣಿಗೆ ಬೀಳಲಿ. ಪ್ರಶ್ನೆ ಇದ್ರೆ ಕೆಳಗೆ ಬರೀರಿ.