ಹಾವಿಗೂ ಒಂದು ರಾತ್ರಿ



ವೈದ್ಯನನ್ನು ಮಾತಿಗೆ ಕರೆದವರು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಕುರಿತು ಹಿತನುಡಿ ನಿರೀಕ್ಷಿಸುವುದು ವಾಡಿಕೆ. ಆದರೆ ಮಕ್ಕಳ ಹಟಕ್ಕೆ ಮಣಿದು ಕಾರ್ನ್ ಸ್ನೇಕ್ ಸಾಕಿದವರು ಈ ಸಭೆಯಲ್ಲಿ ಇನ್ನೂ ಕೆಲವರಿದ್ದಾರೆಂದು ತಿಳಿದು, ಅದಕ್ಕೆ ಬೇಕಾದ ಬೆಳಕಿನ ವಿಷಯವನ್ನೇ ಆರಿಸಿಕೊಂಡಿದ್ದೇವೆ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆದು ಬೆಳೆದ ನಮ್ಮ ಮನೆಯವರು ಮೊದಲ ವಾರ ಆ ಕೋಣೆಗೆ ಕಾಲಿಡಲಿಲ್ಲವೆಂಬುದು ಬೇರೆ ಮಾತು.

ಅಮೆರಿಕದ ಆಗ್ನೇಯ ಭಾಗದ ಈ ವಿಷರಹಿತ ಹಾವು ನಮ್ಮೂರ ಕೇರೆಹಾವಿನ ಕುಟುಂಬಕ್ಕೆ ಸೇರಿದ್ದು. ಹಗಲಿನ ಬಹುಪಾಲು ತೊಗಟೆಯಡಿಯಲ್ಲಿ, ಬಿಲಗಳಲ್ಲಿ ಅಡಗಿದ್ದು, ಮುಸ್ಸಂಜೆಯಲ್ಲಿಯೂ ಇರುಳಿನಲ್ಲಿಯೂ ಇಲಿಗಳನ್ನು ಅರಸುತ್ತದೆ. ಹಾವಿಗೆ ಕೆಂಪು ಕಾಣದು, ಹಗಲೂ ರಾತ್ರಿಯೂ ಉರಿಯಲಿ ಎಂದು ಅಂಗಡಿಯವರು ಕೆಂಪು ಬಲ್ಬೊಂದನ್ನು ಕೊಟ್ಟರು. ನಾವು ನಂಬಿದೆವು. ಮೂರು ವಾರ ಅದು ಹೊರಬಂದುದನ್ನು ನಾವು ಕಾಣಲಿಲ್ಲ, ಇಲಿಮರಿಯನ್ನು ಮುಟ್ಟಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ, ಜಾಲರಿಯಿಲ್ಲದ ಆ ಬಲ್ಬಿಗೆ ತಗುಲಿ ಬೆನ್ನು ಸುಟ್ಟುಕೊಂಡಿತ್ತು.

ಗಾಯಕ್ಕೆ ಔಷಧ ಹಚ್ಚುತ್ತ ಪಶುವೈದ್ಯೆ ಕೇಳಿದ್ದು ಒಂದೇ ಪ್ರಶ್ನೆ: “ಡಾಕ್ಟರೇ, ಇದಕ್ಕೆ ರಾತ್ರಿ ಯಾವಾಗ?” ನಮ್ಮಲ್ಲಿ ಉತ್ತರವಿರಲಿಲ್ಲ. ಹಗಲಿರುಳಿನ ಭೇದವಿಲ್ಲದೆ ದೀಪ ಉರಿದರೆ ರೋಗಿಯ ನಿದ್ರೆ ಕೆಟ್ಟು ಬುದ್ಧಿ ಕಲಕೀತೆಂದು ತೀವ್ರನಿಗಾ ಘಟಕದಲ್ಲಿ ರಾತ್ರಿ ದೀಪ ತಗ್ಗಿಸಲು ಹೇಳುವವರು ನಾವೇ. ರೋಗಿಗಾದರೂ ಮುಚ್ಚಿಕೊಳ್ಳಲು ರೆಪ್ಪೆಗಳುಂಟು. ಹಾವಿಗೆ ಅದೂ ಇಲ್ಲ.

ಈಗ ಟೈಮರ್ ಇಟ್ಟು ಹಗಲು 12 ಗಂಟೆ ಮಾತ್ರ ಬೆಳಕು. ಬಿಸಿ ತುದಿಯಲ್ಲಿ 30ರಿಂದ 32 ಡಿಗ್ರಿ ಸೆಲ್ಸಿಯಸ್, ತಂಪು ತುದಿಯಲ್ಲಿ 24ರ ಆಸುಪಾಸು, ಎರಡೂ ಕಡೆ ಅಡಗುತಾಣ. ರಾತ್ರಿ ಶಾಖ ಬೇಕಾದರೆ ಥರ್ಮೊಸ್ಟಾಟ್ ಇರುವ, ಬೆಳಕು ಚೆಲ್ಲದ ಹೀಟರ್ ಸಾಕು.

ನೇರಳಾತೀತ ಕಿರಣದ ದೀಪ ಬೇಕೇ ಎಂದು ಹಲವರು ಕೇಳುತ್ತಾರೆ. 1919ರಲ್ಲಿ ಬರ್ಲಿನ್ನಿನ ಹುಲ್ಡ್‌ಷಿನ್ಸ್ಕಿ ಇಂಥ ದೀಪದಿಂದಲೇ ಮಕ್ಕಳ ರಿಕೆಟ್ಸ್ ಗುಣಪಡಿಸಿದರು. ಹಾವಿಗಾದರೋ ಇಡಿಯಾಗಿ ನುಂಗಿದ ಇಲಿಯಿಂದಲೇ ಡಿ ಜೀವಸತ್ವ ದೊರೆಯುತ್ತದೆ. ದೀಪವಿಲ್ಲದೆ ತಲೆಮಾರುಗಳು ಬದುಕಿವೆ. ಆದರೂ 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ಕಿರಣ ಬಿದ್ದ ಕಾರ್ನ್ ಸ್ನೇಕ್‌ಗಳ ರಕ್ತದಲ್ಲಿ ಡಿ ಜೀವಸತ್ವದ ಮಟ್ಟ ಏರಿತ್ತು. ರಕ್ತದ ಅಂಕಿ ಏರಿದ ಮಾತ್ರಕ್ಕೆ ಆರೋಗ್ಯ ಹೆಚ್ಚಿತೆನ್ನಲು ವೈದ್ಯರಾದ ನಾವು ಹಿಂಜರಿಯುತ್ತೇವೆ. ಆದರೂ ಮಂದವಾದ ಒಂದು ದೀಪ ಇಟ್ಟಿದ್ದೇವೆ. ಕಿಟಕಿಯ ಬಿಸಿಲು ಇದಕ್ಕೆ ಬದಲಿಯಲ್ಲ: ಗಾಜು ಆ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ, ಪೆಟ್ಟಿಗೆ ಮಾತ್ರ ಕುಲುಮೆಯಾಗುತ್ತದೆ. ಕಪ್ಪು ವರ್ಣವಿಲ್ಲದ ಕೆಂಗಣ್ಣಿನ ಮರಿಗಳಿಗೆ ಇನ್ನೂ ಮಂದ ಬೆಳಕು ಲೇಸು.

ಕೆಂಪು ಬಲ್ಬು ತೆಗೆದ ಹನ್ನೊಂದನೆಯ ರಾತ್ರಿ ಅದು ಇಲಿಮರಿಯನ್ನು ನುಂಗಿತು. ಬೆನ್ನಿನ ಕಲೆ ಪೊರೆ ಕಳಚಿದಾಗಲೆಲ್ಲ ಕಿರಿದಾಗುತ್ತಿದೆ, ಪೂರ್ತಿ ಮಾಯವಾಗಿಲ್ಲ.