ಕೂಗಿದವರು ಯಾರು? ಆನ್‌ಲೈನ್ ಹರಾಜಿನಲ್ಲಿ ನಮ್ಮ ಕೈಕೆಲಸ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಉಳಿತಾಯ, ಆಂತರಿಕ ಸಾಲ, ಬ್ಯಾಂಕ್ ಲಿಂಕೇಜ್ ಬಗ್ಗೆ ನಾವು ಪ್ರತಿ ಸಭೆಯಲ್ಲೂ ಮಾತಾಡುತ್ತೇವೆ. ಇವತ್ತು ಅದನ್ನೆಲ್ಲ ಸ್ವಲ್ಪ ಪಕ್ಕಕ್ಕಿಟ್ಟು ಹೊಸ ವಿಷಯವೊಂದನ್ನು ತೆಗೆದುಕೊಳ್ಳೋಣ. ಕೌದಿ, ಕಸೂತಿ, ಲಂಬಾಣಿ ಕಸೂತಿಯ ಚೀಲ, ಬಾಳೆನಾರಿನ ಬುಟ್ಟಿ, ಚನ್ನಪಟ್ಟಣದ ಬೊಂಬೆ ಇಂಥ ಕೈಕೆಲಸದ ವಸ್ತುಗಳು ಈಗ ಸಂತೆಯಲ್ಲಿ, ವಸ್ತುಪ್ರದರ್ಶನದಲ್ಲಿ ಮಾತ್ರ ಮಾರಾಟವಾಗುವುದಿಲ್ಲ. ಮೊಬೈಲಿನಲ್ಲಿ ಫೋಟೋ ಹಾಕಿ, "ಇಂತಿಷ್ಟರಿಂದ ಶುರು, ರಾತ್ರಿ ಒಂಬತ್ತಕ್ಕೆ ಮುಕ್ತಾಯ" ಎಂದು ಹರಾಜು ಹಾಕುವುದೂ ಉಂಟು. ಸುಲಭ, ಖರ್ಚಿಲ್ಲ, ದೂರದ ಗಿರಾಕಿ ಸಿಗುತ್ತಾರೆ. ಆದರೆ ಅದರ ಜೊತೆಗೇ ಒಂದು ಸಂಶಯವೂ ಒಳಗೆ ಬರುತ್ತದೆ. "ಈ ಕೂಗು ನಿಜವಾದ ಕೂಗೇನಾ? ಇದರ ಹಿಂದೆ ಯಾರೋ ಇದ್ದಾರಾ?" ಈ ಸಂಶಯಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಗಿರಾಕಿಯೂ ಹೋಗುತ್ತಾರೆ, ಸಂಘದೊಳಗಿನ ನಂಬಿಕೆಯೂ ಹೋಗುತ್ತದೆ.

ಹರಾಜು ನಮಗೇನು ಹೊಸದಲ್ಲ. ಚೀಟಿ ಕೂಗುವುದು ನಿಮಗೆಲ್ಲ ಗೊತ್ತು. ಜಾತ್ರೆ, ಹಬ್ಬಗಳಲ್ಲಿ ಹರಕೆಯ ತೆಂಗಿನಕಾಯಿ, ಬಾಳೆಗೊನೆ, ಕೋಳಿ ಏಲಂ ಆಗುವುದನ್ನು ನೋಡಿದ್ದೀರಿ. ಐವತ್ತು ರೂಪಾಯಿಯ ಸೌತೆಕಾಯಿ ಐನೂರಕ್ಕೆ ಹೋದಾಗ ಯಾರೂ ಮೋಸ ಅನ್ನುವುದಿಲ್ಲ. ಯಾಕೆಂದರೆ ಕೂಗುವವರ ಮುಖ ಎಲ್ಲರಿಗೂ ಕಾಣುತ್ತದೆ, ಕೊಡುವುದು ದಾನ ಅಂತ ಕೂಗುವವರಿಗೂ ಗೊತ್ತು, ಕೂಗಿದವರು ಅಲ್ಲೇ ದುಡ್ಡು ಕೊಡುತ್ತಾರೆ. ಮೊಬೈಲಿನ ಹರಾಜಿನಲ್ಲಿ ಮುಖ ಕಾಣುವುದಿಲ್ಲ. ಒಂದು ಹೆಸರು, ಒಂದು ನಂಬರ್, ಅಷ್ಟೇ. ಒಬ್ಬರೇ ನಾಲ್ಕು ಹೆಸರಿನಲ್ಲಿ ಕೂಗಬಹುದು. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಒಂದು ಉದಾಹರಣೆ ಹಾಕಿಕೊಳ್ಳೋಣ. ಒಂದು ಸಂಘದವರು ಒಂದು ಕೌದಿ ಹೊಲಿದರು ಅಂತ ಇಟ್ಟುಕೊಳ್ಳಿ. ಬಟ್ಟೆ, ದಾರಕ್ಕೆ 200 ರೂಪಾಯಿ. ನಲವತ್ತು ಗಂಟೆಯ ಕೆಲಸಕ್ಕೆ ಗಂಟೆಗೆ ಬರೀ 30 ರೂಪಾಯಿಯಂತೆ ಹಿಡಿದರೂ 1,200. ಪ್ಯಾಕಿಂಗಿಗೆ 100. ಒಟ್ಟು 1,500. ಹರಾಜು 1,500ರಿಂದ ಶುರು, ಪ್ರತಿ ಕೂಗು 50 ರೂಪಾಯಿ ಹೆಚ್ಚು. ಇಬ್ಬರು ನಿಜವಾದ ಗಿರಾಕಿಗಳು ಬಂದರು. ಒಬ್ಬರು ಮನಸ್ಸಿನಲ್ಲೇ 1,900ರ ಮೇಲೆ ಬೇಡ ಅಂದುಕೊಂಡಿದ್ದಾರೆ. ಇನ್ನೊಬ್ಬರಿಗೆ ಕೌದಿ ಬಹಳ ಇಷ್ಟವಾಗಿದೆ, 2,800ರವರೆಗೆ ಕೊಡಲು ತಯಾರು. ನ್ಯಾಯವಾಗಿ ನಡೆದರೆ ಮೊದಲನೆಯವರು 1,900ಕ್ಕೆ ನಿಲ್ಲುತ್ತಾರೆ, ಎರಡನೆಯವರು 1,950ಕ್ಕೆ ಪಡೆಯುತ್ತಾರೆ. ಸಂಘಕ್ಕೂ ಲಾಭ, ಗಿರಾಕಿಗೂ ತೃಪ್ತಿ.

ಈಗ ಮೂರನೆಯ ಒಂದು ಹೆಸರು ಬರುತ್ತದೆ. ಅದು ಮಾರುವವರ ಕಡೆಯದ್ದೇ. ತಮ್ಮನೋ, ನಾದಿನಿಯೋ, ಇನ್ನೊಂದು ಸಿಮ್ ಕಾರ್ಡೋ. ಕೊಳ್ಳುವ ಉದ್ದೇಶವಿಲ್ಲ, ಬೆಲೆ ಏರಿಸುವುದೊಂದೇ ಕೆಲಸ. ಇದನ್ನು ಬೇನಾಮಿ ಕೂಗು ಅನ್ನೋಣ. ಆ ಹೆಸರು 2,700ರವರೆಗೆ ಕೂಗಿ ನಿಂತರೆ, ಕೌದಿ 2,750ಕ್ಕೆ ಹೋಗುತ್ತದೆ. ಗಿರಾಕಿಯ ಕೈಯಿಂದ 800 ರೂಪಾಯಿ ಸುಮ್ಮನೆ ಹೋಯಿತು. "ಅವರೇ ಒಪ್ಪಿ ಕೊಟ್ಟರಲ್ಲ ಸಿಸ್ಟರ್, ಕಸಿದುಕೊಂಡಿಲ್ಲವಲ್ಲ" ಅಂತ ಕೆಲವರು ಕೇಳುತ್ತಾರೆ. ನಿಜ, ಒಪ್ಪಿದರು. ಆದರೆ ಇನ್ನೊಬ್ಬ ಗಿರಾಕಿ ಅಷ್ಟು ಬೆಲೆ ಕಟ್ಟಿದ್ದಾರೆ ಎಂಬ ಸುಳ್ಳನ್ನು ನಂಬಿ ಒಪ್ಪಿದರು. ತಕ್ಕಡಿಯಲ್ಲಿ ಹೆಬ್ಬೆರಳು ಇಟ್ಟು ತೂಗಿದರೆ ಹೇಗೋ ಇದೂ ಹಾಗೆ.

ಒಂದು ವೇಳೆ ಬೇನಾಮಿ ಹೆಸರು ಆಸೆಯಿಂದ 2,850 ಕೂಗಿಬಿಟ್ಟರೆ? ಹರಾಜು ಬೇನಾಮಿಗೇ ಆಗುತ್ತದೆ, ದುಡ್ಡು ಕೊಡುವವರಿಲ್ಲ. ನಲವತ್ತು ಗಂಟೆ ಹೊಲಿದ ಕೌದಿ ಟ್ರಂಕಿಗೆ ವಾಪಸ್ಸು.

ಇದು ಹಳ್ಳಿಯ ಸಣ್ಣ ವ್ಯವಹಾರದ ಮಾತು ಮಾತ್ರ ಅಲ್ಲ. ಆನ್‌ಲೈನ್ ಹರಾಜಿಗೆ ಹೆಸರಾದ ಈಬೇ ಕಂಪನಿ ಅಮೆರಿಕಾದಲ್ಲಿ 1995ರಲ್ಲಿ ಶುರುವಾಯಿತು. ಐದೇ ವರ್ಷದಲ್ಲಿ, 2000ನೇ ಇಸವಿಯ ಮೇ ತಿಂಗಳಲ್ಲಿ, ಅಲ್ಲಿ ಒಂದು ವರ್ಣಚಿತ್ರ 25 ಸೆಂಟ್‌ನಿಂದ ಶುರುವಾಗಿ 1,35,805 ಡಾಲರ್‌ವರೆಗೆ ಏರಿತು. ರಿಚರ್ಡ್ ಡೀಬೆನ್‌ಕಾರ್ನ್ ಎಂಬ ಪ್ರಸಿದ್ಧ ಕಲಾವಿದರದ್ದು ಇರಬೇಕೆಂದು ಜನ ನಂಬಿದ್ದರು. ಮಾರಿದವನೇ ಬೇರೆ ಹೆಸರಿನಲ್ಲಿ ಕೂಗಿದ್ದು ಗೊತ್ತಾಗಿ ಕಂಪನಿ ಆ ಮಾರಾಟವನ್ನೇ ರದ್ದು ಮಾಡಿತು. 2001ರಲ್ಲಿ ಮೂವರ ಮೇಲೆ ಮೊಕದ್ದಮೆ ಹೂಡಲಾಯಿತು. ನಲವತ್ತಕ್ಕೂ ಹೆಚ್ಚು ಹೆಸರುಗಳನ್ನು ಬಳಸಿ ನೂರಾರು ಹರಾಜುಗಳಲ್ಲಿ ಒಬ್ಬರಿಗೊಬ್ಬರು ಕೂಗಿಕೊಂಡಿದ್ದರು ಎಂಬುದು ಆರೋಪ. ಇಂಗ್ಲೆಂಡಿನಲ್ಲಿ 2010ರಲ್ಲಿ ತನ್ನ ವಸ್ತುವಿಗೆ ತಾನೇ ಕೂಗಿದ ಒಬ್ಬ ವ್ಯಕ್ತಿಗೆ ನ್ಯಾಯಾಲಯ ದಂಡದ ಜೊತೆಗೆ 250 ಗಂಟೆ ಸಮುದಾಯ ಸೇವೆಯ ಶಿಕ್ಷೆ ಕೊಟ್ಟಿತು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಬಹಳ ಹಳೆಯದು, ಬಹಳ ಸ್ಪಷ್ಟ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮು ಹರಾಜಿನ ಬಗ್ಗೆಯೇ ಇದೆ. "ಮಾರುವವರೂ ಕೂಗಬಹುದು" ಎಂದು ಮೊದಲೇ ಬಹಿರಂಗವಾಗಿ ತಿಳಿಸದಿದ್ದರೆ ಮಾರುವವರು ತಾವೇ ಕೂಗುವಂತಿಲ್ಲ, ಬೇರೆಯವರಿಂದ ಕೂಗಿಸುವಂತೆಯೂ ಇಲ್ಲ. ಹಾಗೆ ಮಾಡಿದರೆ ಕೊಂಡವರು ಅದನ್ನು ಮೋಸದ ಮಾರಾಟ ಎಂದು ಪರಿಗಣಿಸಬಹುದು. ಬೆಲೆ ಏರಿಸಲು ನಟನೆಯ ಕೂಗು ಹಾಕಿಸಿದರೆ ಆ ಮಾರಾಟವನ್ನು ರದ್ದು ಮಾಡುವ ಹಕ್ಕು ಕೊಂಡವರಿಗೆ ಇದೆ. ಅದೇ ಕಲಮು ನಮಗೆ ಒಂದು ಒಳ್ಳೆಯ ದಾರಿಯನ್ನೂ ತೋರಿಸುತ್ತದೆ. ಇಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂಬ ಕನಿಷ್ಠ ಬೆಲೆಯನ್ನು ಮೊದಲೇ ಹೇಳಿ ಹರಾಜು ಹಾಕಬಹುದು. ನಷ್ಟದ ಭಯ ಇರುವವರಿಗೆ ಕಾನೂನೇ ಕೊಟ್ಟ ರಕ್ಷಣೆ ಇದು. ಹೀಗಿರುವಾಗ ಬೇನಾಮಿಯ ಅಗತ್ಯವೇನು?

ಇನ್ನೊಂದು ಕಡೆಯಿಂದಲೂ ಅನ್ಯಾಯ ಬರುತ್ತದೆ, ಅದು ಕೊಳ್ಳುವವರ ಕಡೆಯಿಂದ. ಮೂರ್ನಾಲ್ಕು ವ್ಯಾಪಾರಿಗಳು ಒಳಗೊಳಗೇ ಮಾತಾಡಿಕೊಂಡು "ಈ ಸಲ ನೀನು ತಗೋ, ಮುಂದಿನ ಸಲ ನಾನು" ಎಂದು ಕೂಗದೆ ಕೂರುತ್ತಾರೆ. ನಮ್ಮ ವಸ್ತು ಪ್ರತಿ ಸಲ ಆರಂಭದ ಬೆಲೆಗೇ ಹೋಗುತ್ತದೆ. ರೇಷ್ಮೆಗೂಡು, ಅಡಿಕೆ ಮಾರುವ ಮನೆಗಳ ಹೆಂಗಸರಿಗೆ ಈ ಹೊಂದಾಣಿಕೆ ಬಿಡಿಸಿ ಹೇಳಬೇಕಾಗಿಲ್ಲ. 2002ರ ಸ್ಪರ್ಧಾ ಕಾಯ್ದೆ ಇಂಥ ಒಳಒಪ್ಪಂದವನ್ನು ನಿಷೇಧಿಸಿದೆ. ಮತ್ತೊಂದು ಉಪಾಯವೂ ಇದೆ. ಒಬ್ಬರು ಕಡಿಮೆ ಬೆಲೆ ಕೂಗುತ್ತಾರೆ. ಅವರ ಗೆಳೆಯರು ತಕ್ಷಣ ಬಹಳ ದೊಡ್ಡ ಬೆಲೆ ಕೂಗಿ ಉಳಿದವರನ್ನೆಲ್ಲ ಓಡಿಸುತ್ತಾರೆ. ಮುಗಿಯುವ ಹೊತ್ತಿಗೆ "ತಪ್ಪಾಗಿ ಒತ್ತಿದೆ" ಎಂದು ಹಿಂದೆ ಸರಿಯುತ್ತಾರೆ. ವಸ್ತು ಕಡಿಮೆ ಬೆಲೆಯವರ ಪಾಲಾಗುತ್ತದೆ.

ಆದರೆ ಸಹೋದರಿಯರೇ, ಸಂಶಯ ಬಂದ ಮಾತ್ರಕ್ಕೆ ಮೋಸ ಆಯಿತು ಅಂತಲ್ಲ. ಕೊನೆಯ ನಿಮಿಷದಲ್ಲಿ ಒಬ್ಬರು ಬಂದು ಕೂಗಿ ಗೆದ್ದರೆ ಉಳಿದವರಿಗೆ ಸಿಟ್ಟು ಬರುತ್ತದೆ, ಆದರೆ ಸಮಯದ ಒಳಗೆ ಕೂಗಿದ್ದರೆ ಅದು ಮೋಸವಲ್ಲ. ಕೆಲವು ಹರಾಜು ತಾಣಗಳಲ್ಲಿ ಗಿರಾಕಿ ತನ್ನ ಗರಿಷ್ಠ ಬೆಲೆಯನ್ನು ಮೊದಲೇ ಬರೆದಿಟ್ಟರೆ ಯಂತ್ರವೇ ಅವರ ಪರವಾಗಿ ಹಂತಹಂತವಾಗಿ ಕೂಗುತ್ತದೆ. ನೀವು ಕೂಗಿದ ಕ್ಷಣದಲ್ಲೇ ಮೇಲೊಂದು ಕೂಗು ಬಂದರೆ ಯಾರೋ ಕಾದು ಕುಳಿತಿದ್ದಾರೆ ಅನ್ನಿಸುತ್ತದೆ, ಆದರೆ ಅದು ಯಂತ್ರದ ಕೆಲಸ ಇರಬಹುದು. ಹೊಸ ಹೆಸರಿನವರು ಕೂಗಿದರೂ ಅಷ್ಟೇ, ಮೊದಲ ಸಲ ಬಂದ ಒಳ್ಳೆಯ ಗಿರಾಕಿಯೇ ಇರಬಹುದು.

ಹಾಗಾದರೆ ಗುರುತಿಸುವುದು ಹೇಗೆ? ಒಂದು ಹರಾಜನ್ನು ನೋಡಿ ತೀರ್ಮಾನಿಸಬೇಡಿ, ನಾಲ್ಕೈದನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಹೆಸರು ಒಬ್ಬರೇ ಮಾರುವವರ ವಸ್ತುಗಳಿಗೆ ಮಾತ್ರ ಕೂಗುತ್ತಿದೆಯೇ? ಎಷ್ಟು ಕೂಗಿದರೂ ಗೆಲ್ಲುವುದೇ ಇಲ್ಲವೇ? ಗೆದ್ದರೂ ದುಡ್ಡು ಕೊಡದೆ ಮಾಯವಾಗುತ್ತದೆಯೇ, ಅದೇ ವಸ್ತು ಮತ್ತೆ ಮತ್ತೆ ಹರಾಜಿಗೆ ಬರುತ್ತದೆಯೇ? ನಾವೇ ಮಾರುವಾಗ, ಗೆಲ್ಲುವವರು ಸರದಿ ಹಾಕಿದಂತೆ ಬದಲಾಗುತ್ತಾರೆಯೇ, ಬೆಲೆ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುತ್ತದೆಯೇ? ಇಂಥ ಗುರುತು ಒಂದೇ ಇದ್ದರೆ ಕಾದು ನೋಡಿ, ಮೂರ್ನಾಲ್ಕು ಒಟ್ಟಿಗೆ ಕಂಡರೆ ಕೇಳಲೇಬೇಕು.

ಸಂಶಯ ಸಂಘದೊಳಗಿನವರ ಮೇಲೆ ಬಂದಾಗ ಇದು ಇನ್ನೂ ಸೂಕ್ಷ್ಮ. "ಪ್ರತಿನಿಧಿಯ ಮೈದುನನೇ ಕೂಗಿದ್ದಂತೆ" ಎಂಬ ಒಂದು ಮಾತು ಬಾವಿಕಟ್ಟೆಯಲ್ಲಿ ಹುಟ್ಟಿದರೆ ಸಾಕು, ಹತ್ತು ವರ್ಷ ಕಟ್ಟಿದ ಸಂಘ ಎರಡು ಹೋಳಾಗುತ್ತದೆ. ಆದ್ದರಿಂದ ಬಾವಿಕಟ್ಟೆಯಲ್ಲಿ ಮಾತು ಬೇಡ, ವಾರದ ಸಭೆಯಲ್ಲಿ ಕೇಳಿ. ಕೇಳಿದವಳನ್ನು "ಹೊಟ್ಟೆಕಿಚ್ಚು" ಅಂತ ಬಾಯಿ ಮುಚ್ಚಿಸಬೇಡಿ. ಯಾರ ಮೇಲೆ ಸಂಶಯವೋ ಅವಳಿಗೂ ಉತ್ತರಿಸಲು ಪೂರ್ತಿ ಅವಕಾಶ ಕೊಡಿ. ಕೂಗಿನ ಪಟ್ಟಿಯನ್ನು ಎಲ್ಲರೆದುರು ಓದಿ, ಕಂಡದ್ದನ್ನಷ್ಟೇ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಸಂಶಯ ಸುಳ್ಳಾದರೆ ಅದನ್ನೂ ಬರೆಯಿರಿ, ಆ ಸದಸ್ಯೆಯ ಮಾನ ಉಳಿಯುತ್ತದೆ.

ಇನ್ನು ಹರಾಜು ಹಾಕುವ ಸಂಘಗಳು ಈ ನಿಯಮಗಳನ್ನು ಠರಾವು ಮಾಡಿಕೊಳ್ಳಬೇಕೆಂದು ನಾವು ಕೇಳಿಕೊಳ್ಳುತ್ತೇವೆ.

1. ಸದಸ್ಯೆಯರು, ಅವರ ಮನೆಯವರು ಸಂಘದ ಹರಾಜಿನಲ್ಲಿ ಕೂಗಬಾರದು. ಬೇಕಿದ್ದರೆ ಹರಾಜಿಗೆ ಮೊದಲೇ ನಿಗದಿತ ಬೆಲೆ ಕೊಟ್ಟು ಕೊಳ್ಳಲಿ.

2. ಸಾಮಾನು, ಕೂಲಿ, ಪ್ಯಾಕಿಂಗ್ ಲೆಕ್ಕ ಹಾಕಿ ಕನಿಷ್ಠ ಬೆಲೆ ಬರೆಯಿರಿ. ನಮ್ಮ ಕೂಲಿಯನ್ನು ಲೆಕ್ಕಕ್ಕೆ ಸೇರಿಸದೆ ಬಿಡಬೇಡಿ.

3. ಆರಂಭದ ಬೆಲೆ, ಪ್ರತಿ ಕೂಗಿನ ಏರಿಕೆ, ಮುಗಿಯುವ ಸಮಯ ಮೊದಲೇ ತಿಳಿಸಿ. ಕೊನೆಯ ಐದು ನಿಮಿಷದಲ್ಲಿ ಕೂಗು ಬಂದರೆ ಇನ್ನೈದು ನಿಮಿಷ ಮುಂದುವರಿಯುತ್ತದೆ ಎಂದು ಹೇಳಿದರೆ ಕೊನೆಕ್ಷಣದ ಜಗಳ ಇರುವುದಿಲ್ಲ.

4. ಗೆದ್ದವರು ದುಡ್ಡು ಕೊಡದಿದ್ದರೆ ಅವರ ಎಲ್ಲ ಕೂಗುಗಳನ್ನೂ ಅಳಿಸಿ ಬೆಲೆಯನ್ನು ಹೊಸದಾಗಿ ಲೆಕ್ಕ ಹಾಕಿ. ನಮ್ಮ ಉದಾಹರಣೆಯಲ್ಲಿ 2,850 ಕೂಗಿದವರು ಮಾಯವಾದರೆ, ಎರಡನೆಯವರಿಂದ 2,800 ಕೇಳುವುದು ನ್ಯಾಯವಲ್ಲ. ಆ ಹೆಸರು ಬಂದೇ ಇಲ್ಲ ಎಂದುಕೊಂಡು 1,950ಕ್ಕೆ ಕೊಡಿ. ಈ ನಿಯಮ ಇದ್ದರೆ ಬೇನಾಮಿ ಕೂಗಿನಿಂದ ಗೆದ್ದು ಮಾಯವಾಗುವ ಆಟಕ್ಕೆ ಲಾಭವೇ ಇರುವುದಿಲ್ಲ.

5. ಕೂಗಿನ ಪಟ್ಟಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಹರಾಜಿನ ಮೊಬೈಲ್ ಒಬ್ಬಳ ಕೈಯಲ್ಲೇ ಇರದೆ, ಇಬ್ಬರು ಸದಸ್ಯೆಯರ ಜವಾಬ್ದಾರಿಯಲ್ಲಿ ಇರಲಿ.

6. ದುಡ್ಡು ಖಾತೆಗೆ ಬಂದಿದೆ ಎಂದು ಬ್ಯಾಂಕಿನಲ್ಲಿ ಖಚಿತವಾದ ಮೇಲೆಯೇ ವಸ್ತು ಕಳುಹಿಸಿ. ಗಿರಾಕಿ ಕಳಿಸಿದ ಫೋಟೋ ಸಾಕ್ಷಿಯಲ್ಲ. ದುಡ್ಡು ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿ ಅಂದರೆ ಅದು ನಿಮ್ಮ ದುಡ್ಡು ತೆಗೆಯುವ ಉಪಾಯ.

7. ದಿನನಿತ್ಯದ ಚೀಲ, ಚಾಪೆಗೆ ಹರಾಜು ಬೇಡ, ನಿಗದಿತ ಬೆಲೆಯೇ ಸಾಕು. ಒಂದೇ ಒಂದು ಇರುವ, ವಿಶೇಷ ಕೆಲಸದ ವಸ್ತುವಿಗೆ ಮಾತ್ರ ಹರಾಜು ಒಪ್ಪುತ್ತದೆ.

ಮೋಸ ಹೋದರೆ ಎಲ್ಲಿಗೆ ಹೋಗಬೇಕು? ಮೊದಲು ಆ ತಾಣದ ದೂರು ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು ಗ್ರಾಹಕರ ದೂರು ಬಂದಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಕೊಂಡವರಾಗಿ ಅನ್ಯಾಯವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಖಾತೆಯಿಂದ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930. ನೆನಪಿಡಲು ಸುಲಭ, ಹರಾಜಿನ ಕಾಯ್ದೆಯ ಇಸವಿಯೂ 1930. ವಕೀಲರ ಸಹಾಯ ಬೇಕಾದರೆ ಕಾನೂನು ಸೇವೆಗಳ ಪ್ರಾಧಿಕಾರದ 15100. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ.

ಸಹೋದರಿಯರೇ, ಹತ್ತಾರು ವರ್ಷ ನಮ್ಮ ಕೈಕೆಲಸಕ್ಕೆ ದಲ್ಲಾಳಿಗಳು ಹೇಳಿದ್ದೇ ಬೆಲೆ. ಈಗ ನೇರವಾಗಿ ಗಿರಾಕಿಯ ಮುಂದೆ ನಿಲ್ಲುವ ಅವಕಾಶ ಬಂದಿದೆ. ಒಂದು ಕೌದಿಯಲ್ಲಿ 800 ರೂಪಾಯಿ ಹೆಚ್ಚು ಸಿಗಬಹುದು, ಆದರೆ ವಿಷಯ ತಿಳಿದ ಗಿರಾಕಿ ಮತ್ತೆ ಬರುವುದಿಲ್ಲ, ಪಕ್ಕದ ಊರಿನ ಸಂಘದ ಕೌದಿಯನ್ನೂ ನಂಬುವುದಿಲ್ಲ. ನಮಗೆ ಅನ್ಯಾಯವಾದಾಗ ಪ್ರಶ್ನಿಸುವ ಧೈರ್ಯ ಬೇಕು, ನಾವು ಮಾರುವಾಗ ಪ್ರಶ್ನೆಗೆ ಉತ್ತರ ಕೊಡುವ ಲೆಕ್ಕ ಕೈಯಲ್ಲಿರಬೇಕು. ಮುಂದಿನ ವಾರದ ಸಭೆಯಲ್ಲಿ ಈ ಏಳು ನಿಯಮಗಳನ್ನು ಗಟ್ಟಿಯಾಗಿ ಓದಿ, ಚರ್ಚಿಸಿ, ಬೇಕಾದ ತಿದ್ದುಪಡಿ ಮಾಡಿ, ಎಲ್ಲರೂ ಸಹಿ ಹಾಕಿ. ಓದಲು ಬಾರದ ಅಕ್ಕಂದಿರಿಗೆ ವಿವರಿಸಿ ಹೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತಿಸಿ.